ಬಲಗಿವಿ ಕೇಳದ ಗನ್ನರ್: ಬೀದರ್ ಕೋಟೆಯ ಒಂದು ಪ್ರಕರಣ

ಅವರು ಯಾವಾಗಲೂ ನಮ್ಮ ಬಲಗಡೆಗೇ ಬಂದು ಕೂರುತ್ತಿದ್ದರು. ಎಡಗಡೆ ಜಾಗ ಖಾಲಿ ಇದ್ದರೂ ಸುತ್ತು ಹಾಕಿಕೊಂಡು ಬಲಕ್ಕೇ ಬರುತ್ತಿದ್ದರು. ಮಿಲಿಟರಿ ಶಿಸ್ತು ಇರಬೇಕು ಅಂದುಕೊಂಡೆವು. ಅವರ ಬಲಗಿವಿ ಹೆಚ್ಚುಕಡಿಮೆ ಸತ್ತಿದೆ, ಎಡಗಿವಿ ನಮ್ಮ ಕಡೆ ಇರಲಿ ಅಂತ ಹಾಗೆ ಕೂರುತ್ತಾರೆ ಅನ್ನೋದು ತಿಳಿಯಲು ನಮಗೆ ಐದು ತಿಂಗಳು ಬೇಕಾಯಿತು. ಯುದ್ಧದ ಇತಿಹಾಸವನ್ನು ಗಂಟೆಗಟ್ಟಲೆ ಕೊರೆಯುವ ಎಂಟು ಜನ ನಾವು. ಪಕ್ಕದಲ್ಲೇ ಕೂತ ಗನ್ನರ್‌ನ, ಅಂದರೆ ಸೇನೆಯಲ್ಲಿ ತೋಪು ಹೊಡೆಯುತ್ತಿದ್ದವರ, ಕಿವಿ ನಮಗೆ ಕಾಣಲಿಲ್ಲ.

ಇದನ್ನು ಬರೆದಿಡುತ್ತಿರೋದು ಯಾಕಂದರೆ, ಇಂಥ ಹವ್ಯಾಸಿ ಗುಂಪುಗಳು ಈಗ ಸುಮಾರು ಊರುಗಳಲ್ಲಿವೆ. ನಿವೃತ್ತ ಸೈನಿಕರೂ ಎಲ್ಲ ಕಡೆ ಇದ್ದಾರೆ. ಇಬ್ಬರೂ ಒಂದು ಕಡೆ ಸೇರಿದಾಗ ಏನೇನು ಎಡವಟ್ಟಾಗುತ್ತೆ ಅಂತ ನಮಗೆ ಅನುಭವ ಆಗಿದೆ. ಅವರ ಹೆಸರು, ಹಳ್ಳಿ, ರೆಜಿಮೆಂಟ್ ಬರೆಯುವುದಿಲ್ಲ. ಬರೆಯಲು ಒಪ್ಪಿಗೆ ಕೊಡುವಾಗ ಅವರು ಹಾಕಿದ ಷರತ್ತು ಅದೊಂದೇ. ಗುಂಪಿನ ಹುಡುಗರು ಅವರನ್ನು ಕರೆಯೋದು ಮಿಲ್ಟ್ರಿ ಕಾಕಾ ಅಂತ. ಇಲ್ಲೂ ಹಾಗೇ ಇರಲಿ.

ನಾವು ಯಾರು

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವ ಮಾಸ್ತರ್. ಚೌಬಾರಾ ಹತ್ತಿರ ಔಷಧ ಅಂಗಡಿ ಇಟ್ಟವರೊಬ್ಬರು, ತಹಶೀಲ್ ಕಚೇರಿಯಿಂದ ನಿವೃತ್ತರಾದ ಗುಮಾಸ್ತರೊಬ್ಬರು, ಪಾಲಿಟೆಕ್ನಿಕ್ ಓದುವ ಹುಡುಗನೊಬ್ಬ, ಹೀಗೆ ಎಂಟು ಜನ. ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಕೋಟೆಯಲ್ಲಿ ಸೇರುತ್ತೇವೆ. ಒಂದು ಬುರುಜೋ ಒಂದು ದರ್ವಾಜಾನೋ ಹಿಡಿದುಕೊಂಡು ಮಾತಾಡುತ್ತೇವೆ. ಆಮೇಲೆ ಮಿರ್ಚಿ ಭಜಿ, ಚಾ. ಒಂದು ರಿಜಿಸ್ಟರ್ ಇದೆ. ಯಾರು ಏನು ಹೇಳಿದರು ಅಂತ ನಾನು ಬರೆದಿಡುತ್ತೇನೆ.

ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಗುಮಾಸ್ತರಿಗೆ 1948ರ ಸೆಪ್ಟೆಂಬರ್, ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತದ ಕೈಗೆ ಬಂದ ತಿಂಗಳು. 13ನೇ ತಾರೀಖು ಸೊಲ್ಲಾಪುರದ ಕಡೆಯಿಂದ ಹೊರಟ ಭಾರತೀಯ ಸೇನೆ ಅದೇ ದಿನ ನಳದುರ್ಗ ಹಿಡಿದದ್ದು, 17ಕ್ಕೆ ನಿಜಾಮ ಸೋಲು ಒಪ್ಪಿದ್ದು, ಮರುದಿನ ಜನರಲ್ ಚೌಧರಿ ಎದುರು ನಿಜಾಮನ ಸೇನಾಪತಿ ಎಲ್ ಎದ್ರೂಸ್ ಶರಣಾದದ್ದು, ಎಲ್ಲ ಅವರ ಬಾಯಲ್ಲಿ ದಿನಚರಿಯ ಹಾಗೆ ಬರುತ್ತದೆ. ಔಷಧ ಅಂಗಡಿಯವರಿಗೆ ಬಹಮನಿ ಕಾಲದ ಮದ್ದುಗುಂಡು. 1472ರಲ್ಲಿ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಬಹಮನಿ ಮಂತ್ರಿ ಮಹಮೂದ್ ಗಾವಾನ್ ಗೋಡೆಯ ಕೆಳಗೆ ಸುರಂಗ ಕೊರೆಸಿ ಮದ್ದು ಸಿಡಿಸಿದ್ದನ್ನು ನೂರು ಸಲ ಹೇಳಿದ್ದಾರೆ. ಪಾಲಿಟೆಕ್ನಿಕ್ ಹುಡುಗನಿಗೆ ಅಂಕಿಗಳ ಹುಚ್ಚು. ಯಾವ ತೋಪು ಎಷ್ಟು ಉದ್ದ, ಎಷ್ಟು ಟನ್, ಎಷ್ಟು ದೂರ. ಬಿಜಾಪುರದ ಮಲಿಕ್-ಎ-ಮೈದಾನ್ ದೊಡ್ಡದೋ, ಕಲಬುರಗಿ ಕೋಟೆಯ 29 ಅಡಿ ಉದ್ದದ ಬಾರಾ ಗಜೀ ತೋಪು ದೊಡ್ಡದೋ ಅಂತ ಒಂದು ಇಡೀ ಬೆಳಗ್ಗೆ ಕಿತ್ತಾಡಿದ್ದೇವೆ. ತೂಕಕ್ಕೆ ಒಂದು ಗೆಲ್ಲುತ್ತೆ, ಉದ್ದಕ್ಕೆ ಇನ್ನೊಂದು. ಅಷ್ಟಕ್ಕೆ ಮುಗಿಯಬೇಕಿತ್ತು, ಮುಗಿಯಲಿಲ್ಲ.

ಇದನ್ನೆಲ್ಲ ಹೇಳಿದ್ದು ನಮ್ಮ ಜ್ಞಾನ ತೋರಿಸೋಕಲ್ಲ. ನಾವು ಯುದ್ಧವನ್ನು ಯಾವ ಕಡೆಯಿಂದ ನೋಡುತ್ತಿದ್ದೆವು ಅಂತ ಗೊತ್ತಾಗಲಿ ಅಂತ. ಮೇಲಿನಿಂದ ನೋಡುತ್ತಿದ್ದೆವು. ತಾರೀಖು, ದಂಡನಾಯಕ, ಗೆಲುವು, ಸೋಲು.

ಅವರು ಬಂದದ್ದು

ಕಾಕಾ ಒಂದು ಬ್ಯಾಂಕಿನಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಾರೆ. ಔಷಧ ಅಂಗಡಿಯವರು ಹಣ ಕಟ್ಟೋಕೆ ಹೋದಾಗ ಮಾತಿಗೆ ಮಾತು ಬೆಳೆದು, ಅವರು 1991ರಲ್ಲಿ ಸೇನೆ ಸೇರಿದ್ದು, ಹೈದರಾಬಾದಿನ ಆರ್ಟಿಲರಿ ಸೆಂಟರ್‌ನಲ್ಲಿ ತರಬೇತಿ ಆದದ್ದು, ಹವಾಲ್ದಾರ್ ಆಗಿ ನಿವೃತ್ತರಾದದ್ದು ತಿಳಿಯಿತು. ಆ ಸೆಂಟರ್ ಇರೋದು ಗೋಲ್ಕೊಂಡಾದಲ್ಲಿ. 1687ರಲ್ಲಿ ಔರಂಗಜೇಬ್ ಎಂಟು ತಿಂಗಳು ಮುತ್ತಿಗೆ ಹಾಕಿದ ಕೋಟೆಯ ಮಗ್ಗುಲಲ್ಲಿ ಈ ಮನುಷ್ಯ ತೋಪು ಹೊಡೆಯೋದು ಕಲಿತಿದ್ದಾರೆ! ನಮಗೆ ಬಾಯಲ್ಲಿ ನೀರು. ಅದೂ ಸಾಲದು ಅಂತ, 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿ ಬೋಫೋರ್ಸ್ ಗನ್ ಮೇಲೆ ಇದ್ದವರು.

ಮಾರ್ಚ್‌ನ ಒಂದು ಭಾನುವಾರ ಆರೂವರೆಗೆ ಬನ್ನಿ ಅಂದಿದ್ದೆವು. ಅವರು ಆರು ಇಪ್ಪತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗುಂಬದ್ ದರ್ವಾಜಾ ಹತ್ತಿರ ನಿಂತಿದ್ದರಂತೆ. ನಾವು ಹೋದದ್ದು ಏಳು ಹತ್ತಕ್ಕೆ. ಏನೂ ಅನ್ನಲಿಲ್ಲ. "ನಮಸ್ಕಾರ ರೀ ಮಾಸ್ತರ್" ಅಂದರು, ಅಷ್ಟೇ.

ಮೊದಲ ದಿನವೇ ಯಾರೋ ಕೇಳಿಬಿಟ್ಟರು: "ಕಾಕಾ, ಎಷ್ಟ್ ಮಂದಿನ ಹೊಡದೀರಿ?" ಅವರು ಸುಮ್ನೆ ಕಂದಕದ ಕಡೆ ನೋಡಿದರು. ಕೇಳಿದವರು ನಾನಲ್ಲ. ಆದರೆ ಉತ್ತರಕ್ಕಾಗಿ ಕಾದವರಲ್ಲಿ ನಾನೂ ಇದ್ದೆ.

ಎರಡನೇ ಸಲ ಹುಡುಗ ಶುರು ಮಾಡಿದ. ಬೋಫೋರ್ಸ್ 155 ಮಿಲಿಮೀಟರ್, 1986ರ ಒಪ್ಪಂದದಲ್ಲಿ 410 ಗನ್ ಬಂದವು, ಬಯಲಲ್ಲಿ ಇಪ್ಪತ್ತನಾಲ್ಕು ಕಿಲೋಮೀಟರ್ ಹೊಡೆಯುತ್ತೆ, ದ್ರಾಸ್‌ನಂಥ ಎತ್ತರದಲ್ಲಿ ಇನ್ನೂ ದೂರ. "ಹೌದಲ್ರಿ ಕಾಕಾ? ಅಲ್ಲಿ ಎಷ್ಟು ರೇಂಜ್ ಬರ್ತಿತ್ತು?"

"ನಮಗ ರೇಂಜ್ ಹೇಳ್ತಿರಲಿಲ್ಲ ತಮ್ಮಾ. ಎಲಿವೇಶನ್ ಹೇಳ್ತಿದ್ರು."

ಹುಡುಗ ಅರ್ಥ ಮಾಡಿಕೊಂಡದ್ದೇ ಬೇರೆ. ಇವರಿಗೆ ಗೊತ್ತಿಲ್ಲ ಅಂತ. ಚಾ ಅಂಗಡಿಯಲ್ಲಿ ನನ್ನ ಕಿವಿಯಲ್ಲಿ ಹಾಗೇ ಹೇಳಿದ. ನಾನು ತಲೆ ಆಡಿಸಿದೆ. ಅವರು ಆ ಒಂದು ಸಾಲಿನಲ್ಲಿ ಇಡೀ ತೋಪ್‌ಖಾನೆ ಹೇಗೆ ನಡೆಯುತ್ತೆ ಅಂತ ಹೇಳಿಬಿಟ್ಟಿದ್ದರು. ನಮಗೆ ಅದು ಕೇಳಿಸಲೇ ಇಲ್ಲ.

ವಿಷಯ ಹೀಗಿದೆ. ಗನ್ ಹೊಡೆಯುವವನಿಗೆ ಸಾಮಾನ್ಯವಾಗಿ ಗುರಿ ಕಾಣುವುದಿಲ್ಲ. ಗುರಿ ನೋಡುವ ಅಧಿಕಾರಿ ಎಲ್ಲೋ ಮುಂದೆ, ಬೆಟ್ಟದ ಮೇಲೆ, ಕಾಲಾಳುಗಳ ಜೊತೆ ಇರುತ್ತಾರೆ. ಅವರು ರೇಡಿಯೋದಲ್ಲಿ ಹೇಳುತ್ತಾರೆ. ಗನ್‌ಗಳ ಹಿಂದಿರುವ ಕಮಾಂಡ್ ಪೋಸ್ಟ್‌ನವರು ಲೆಕ್ಕ ಹಾಕುತ್ತಾರೆ. ಗನ್‌ಗೆ ಬರೋದು ಮೂರ್ನಾಲ್ಕು ಮಾತು: ಯಾವ ದಿಕ್ಕು, ಎಷ್ಟು ಎತ್ತರದ ಕೋನ (ಕಾಕಾ ಹೇಳಿದ ಎಲಿವೇಶನ್ ಇದೇ), ಎಷ್ಟು ಮದ್ದು, ಎಷ್ಟು ಗುಂಡು. ದ್ರಾಸ್ ಇರೋದು ಸುಮಾರು 10,800 ಅಡಿ ಎತ್ತರದಲ್ಲಿ. ಗಾಳಿ ತೆಳು. ಬಯಲಿನ ಲೆಕ್ಕದ ಪಟ್ಟಿ ಹಿಡಿದು ಹೊಡೆದರೆ ಗುಂಡು ಗುರಿ ದಾಟಿ ಹೋಗುತ್ತೆ. ರಾತ್ರಿ ಚಳಿಗೆ ಮದ್ದು ತಣ್ಣಗಾದರೆ ಮತ್ತೊಂದು ಲೆಕ್ಕ. ಈ ತಲೆನೋವೆಲ್ಲ ಕಮಾಂಡ್ ಪೋಸ್ಟ್‌ನದು. ಗನ್ ಮೇಲಿದ್ದವನಿಗೆ ಹೇಳಿದ ಅಂಕಿ ಕೂರಿಸೋದು, ಗುಂಡು ಎತ್ತೋದು, ಹೊಡೆಯೋದು. ಹಾಗಾಗಿ ರೇಂಜ್ ಅನ್ನೋ ಮಾತು ಅವರ ಕೆಲಸದಲ್ಲಿ ಇರಲೇ ಇಲ್ಲ.

ಹುಡುಗನನ್ನು ಬೈಯಲಾರೆ. ಪುಸ್ತಕದಿಂದ ಯುದ್ಧ ಕಲಿತವರಿಗೆಲ್ಲ ಹೀಗೇ ಆಗುತ್ತೆ. ಅಂಕಿ ಹೇಳದ ಸಾಕ್ಷಿ ನಮಗೆ ಸಾಕ್ಷಿಯೇ ಅಲ್ಲ.

ಜುಲೈ 26

ಇಲ್ಲಿಯವರೆಗೆ ಆದದ್ದು ಸಣ್ಣ ತಪ್ಪುಗಳು. ದೊಡ್ಡದು ನನ್ನದು.

ಕಾರ್ಗಿಲ್ ವಿಜಯ ದಿನಕ್ಕೆ ಊರಿನ ಒಂದು ಸಂಸ್ಥೆಯವರು ಕಾರ್ಯಕ್ರಮ ಇಟ್ಟಿದ್ದರು. ನಮ್ಮ ಗುಂಪಿನಲ್ಲಿ ಕಾರ್ಗಿಲ್‌ನವರೊಬ್ಬರು ಇದ್ದಾರೆ ಅಂತ ಬಾಯಿಬಿಟ್ಟವನು ನಾನು. ಕಾಕಾಗೆ ಇಷ್ಟ ಇರಲಿಲ್ಲ. "ನಕೋ ರೀ ಮಾಸ್ತರ್" ಅಂತ ಎರಡು ಸಲ ಅಂದರು. ನಾನು ಅದನ್ನು ಸಂಕೋಚ ಅಂದುಕೊಂಡೆ. ನಮ್ಮ ಕಡೆ ಸನ್ಮಾನ ಅಂದರೆ ಎಲ್ಲರೂ ಮೊದಲು ಬೇಡ ಅಂತಾರೆ, ಆಮೇಲೆ ಬರುತ್ತಾರೆ, ಅಲ್ವಾ? ಅವರೂ ಬಂದರು.

ನಿರೂಪಕ ಮೈಕ್ ಹಿಡಿದು "ಟೈಗರ್ ಹಿಲ್ ಗೆದ್ದ ವೀರ ಯೋಧ" ಅಂದ. ಜನ ಚಪ್ಪಾಳೆ ಹೊಡೆದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. ಎರಡು ಮಾತು ಆಡಿ ಅಂದರು. ಕಾಕಾ ಮೈಕ್ ಹತ್ತಿರ ಹೋಗಿ, "ನಾ ಗುಡ್ಡ ಹತ್ತಿಲ್ರಿ. ಹತ್ತಿದವರು ಬ್ಯಾರೆ ಇದ್ರು. ನಾ ರೋಡಿನ ಬಾಜೂಕ ಗನ್ ಮ್ಯಾಲ ಇದ್ದೆ," ಅಂದು ಕೂತುಬಿಟ್ಟರು. ಸಭೆಗೆ ಅರ್ಥ ಆಗಲಿಲ್ಲ. ವಿನಯ ಅಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು.

ನನಗೆ ಅವರ ಮುಖ ನೋಡಿದಾಗ ಗೊತ್ತಾಯಿತು. ಅದು ವಿನಯ ಅಲ್ಲ, ಸಿಟ್ಟು. ಟೈಗರ್ ಹಿಲ್ ಹತ್ತಿದ್ದು 18 ಗ್ರೆನೇಡಿಯರ್ಸ್, ಜೊತೆಗೆ 8 ಸಿಖ್ ಅನ್ನೋ ಕಾಲಾಳು ಪಡೆಗಳು. ತೊಲೊಲಿಂಗ್ ಹಿಡಿದದ್ದು 2 ರಜಪುತಾನಾ ರೈಫಲ್ಸ್. ಆ ಯುದ್ಧದಲ್ಲಿ ಸತ್ತ ನಮ್ಮ ಸೈನಿಕರು 527. ಅವರಲ್ಲಿ ಬಹಳಷ್ಟು ಜನ ಅಂಥ ಗುಡ್ಡಗಳ ಮೈಮೇಲೇ ಸತ್ತವರು. ಅವರ ಕೆಲಸವನ್ನು ಇನ್ನೊಬ್ಬರ ಹೆಗಲಿಗೆ ಶಾಲಿನ ಜೊತೆ ಹೊದಿಸಿದರೆ, ಹೊದ್ದವನಿಗೆ ಹೇಗಾಗಬೇಕು? ನಮಗೆ ಅದು ಒಂದು ಸಣ್ಣ ಉತ್ಪ್ರೇಕ್ಷೆ. ಅವರಿಗೆ ಕಳ್ಳಮಾಲು.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನ್ ಎತ್ತುತ್ತಿದ್ದರು, "ಡ್ಯೂಟಿ ಅದರಿ" ಅನ್ನುತ್ತಿದ್ದರು. ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಅಂದರು. ಯುದ್ಧ ನೋಡಿದವರಿಗೆ ಮನಸ್ಸಿನಲ್ಲಿ ಗಾಯ ಇರುತ್ತೆ, ಕೆದಕಬಾರದು ಅಂದರು ಒಬ್ಬರು. ಇನ್ನೊಬ್ಬರು, ಅವರಿಗೆ ಇತಿಹಾಸದಲ್ಲಿ ಆಸಕ್ತಿ ಇಲ್ಲ ಬಿಡ್ರಿ ಅಂದರು. ಎರಡೂ ತಪ್ಪಾಗಿತ್ತು.

ಒಂದು ನಕ್ಷೆ, ಒಂದು ಇನ್‌ಲ್ಯಾಂಡ್ ಪತ್ರ

ಆಗಸ್ಟ್ ಮಧ್ಯದಲ್ಲಿ ನಾನು ಬ್ಯಾಂಕಿಗೇ ಹೋದೆ. ಊಟದ ಹೊತ್ತು. ಅವರು ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಡಬ್ಬಿ ಬಿಚ್ಚುತ್ತಿದ್ದರು. ತಪ್ಪಾಯ್ತು ಅನ್ನೋಕೆ ಬಾಯಿ ತೆಗೆಯುವಷ್ಟರಲ್ಲಿ ಏರ್‌ಫೋರ್ಸ್ ಸ್ಟೇಷನ್ನಿನ ಹಾಕ್ ವಿಮಾನವೊಂದು ತಲೆ ಮೇಲೆ ಹೋಯಿತು. ಬೀದರ್‌ನವರಿಗೆ ಇದು ದಿನದ ಸದ್ದು. ವಿಮಾನ ಹೋದದ್ದು ನಮ್ಮ ಬಲಕ್ಕೆ, ಅವರು ನೋಡಿದ್ದು ಎಡಕ್ಕೆ. ನಾನು ಕೈ ಮಾಡಿ ತೋರಿಸಿದೆ. ಅವರು ನಕ್ಕರು.

"ಒಂದೇ ಕಿವಿ ಮಾಸ್ತರ್. ಸದ್ದು ಕೇಳ್ತದ, ಯಾ ಕಡಿಂದ ಬಂತು ತಿಳಿಯಂಗಿಲ್ಲ."

ಆಗ ಬಲಗಡೆ ಕೂರುವ ಲೆಕ್ಕ ಬಗೆಹರಿಯಿತು. ಎಷ್ಟು ಸಲ ಬುರುಜಿನ ಗಾಳಿಯಲ್ಲಿ ಅವರ ಬಲಕ್ಕೆ ನಿಂತು ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲ ಅಂತ ಬೇಜಾರಾಗಿದ್ದೆವೋ! ಕೇಳಿಸದೆ ಸುಮ್ಮನಿದ್ದ ಮನುಷ್ಯನನ್ನು ನಾವು ಬಿಗುಮಾನದವರು ಅಂತ ಲೆಕ್ಕ ಹಾಕಿದ್ದೆವು.

ನಾನು ಕ್ಷಮೆ ಕೇಳಿದೆ. "ಅದರಾಗ ಏನದ ಬಿಡ್ರಿ," ಅಂದರು. ಸ್ವಲ್ಪ ಹೊತ್ತು ರೊಟ್ಟಿ ಮುರಿಯುತ್ತಾ ಇದ್ದು, ಮುಖ ಎತ್ತದೇ ಕೇಳಿದರು: "ಮಾಸ್ತರ್, ನಿಮ್ಮ ಹತ್ರ ಆ ಕಡಿಂದು ನಕಾಶಾ ಅದೇನ್ರಿ? ನಾ ಹೊಡದದ್ದು ಎಲ್ಲಿ ಬಿತ್ತು ಅಂತ ನನಗ ಇವತ್ತಿಗೂ ಗೊತ್ತಿಲ್ಲ."

ಈ ಮಾತು ಕೇಳಿ ನಾನು ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ. ನಾವು ಐದು ತಿಂಗಳು ಅವರ ಹತ್ತಿರ ಕಥೆ ಕೇಳುತ್ತಿದ್ದೆವು. ಅವರು ಗುಂಪಿಗೆ ಬಂದದ್ದೇ ಕಥೆ ಕೇಳೋಕೆ. ಯುದ್ಧದ ಎರಡು ತಿಂಗಳು ಅವರು ನೋಡಿದ್ದು ಗನ್ ಕೂರಿಸಿದ ಒಂದು ಗುಂಡಿ, ಶ್ರೀನಗರ-ಲೇಹ್ ರಸ್ತೆಯ ಒಂದು ತುಂಡು, ಎದುರಿಗೆ ಒಂದು ಬೋಳು ಗುಡ್ಡದ ಇಳಿಜಾರು. ಅದರಾಚೆ ಏನಾಯಿತು ಅಂತ ಓದಿದವರು ನಾವು.

ಸೆಪ್ಟೆಂಬರ್‌ನಿಂದ ಔಷಧ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಜನ ಕೂರತೊಡಗಿದೆವು. ಅವರು ನಮ್ಮ ಬಲಕ್ಕೆ. ಹುಡುಗ ದೊಡ್ಡ ಹಾಳೆಯಲ್ಲಿ ದ್ರಾಸ್ ಕಣಿವೆಯ ನಕ್ಷೆ ಬರೆದ. ಒಂದು ಕಡೆ ಶಿಖರಗಳು ನಮ್ಮ ಕೈಗೆ ಬಂದ ತಾರೀಖು ಸಾಲಾಗಿ: ಜೂನ್ 13 ತೊಲೊಲಿಂಗ್, ಜೂನ್ 20 ಪಾಯಿಂಟ್ 5140, ಜುಲೈ 4 ಟೈಗರ್ ಹಿಲ್, ಜುಲೈ 7 ಪಾಯಿಂಟ್ 4875. ಇನ್ನೊಂದು ಕಡೆ ಖಾಲಿ. ಅಲ್ಲಿ ಕಾಕಾ ಹೇಳಿದ್ದು ಬರೆಯಬೇಕು.

ತೊಂದರೆ ಏನಂದರೆ ಅವರಿಗೆ ಒಂದೂ ತಾರೀಖು ನೆನಪಿಲ್ಲ. ನೆನಪಿರೋದು ರಾತ್ರಿಗಳು. ಬ್ಯಾರಲ್ ಕಾದು ಬಣ್ಣ ಸುಟ್ಟು ಎದ್ದ ರಾತ್ರಿ. ಗುಂಡು ಎತ್ತಿ ಎತ್ತಿ ಅಂಗೈ ಸುಲಿದು, ಮಫ್ಲರ್ ಹರಿದು ಸುತ್ತಿಕೊಂಡ ರಾತ್ರಿ. ಶತ್ರುವಿನ ಗುಂಡು ಪಕ್ಕದ ಗನ್ ಹತ್ತಿರ ಬಿದ್ದ ಬೆಳಗ್ಗೆ. ಅದರ ಬಗ್ಗೆ ಜಾಸ್ತಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳದೇ ಇರೋದನ್ನು ಅಷ್ಟರಲ್ಲಿ ಕಲಿತಿದ್ದೆವು.

ಗುಮಾಸ್ತರು ಇಲ್ಲಿ ಕೆಲಸಕ್ಕೆ ಬಂದರು. ಮೂವತ್ತು ವರ್ಷ ಕಡತ ನೋಡಿದ ತಲೆ. "ಆವಾಗ ಮನಿಯಿಂದ ಪತ್ರ ಬರ್ತಿದ್ವೇನ್ರಿ?" ಅಂತ ಕೇಳಿದರು. ಬರುತ್ತಿದ್ದವು, 56 ಎಪಿಒ ಅನ್ನೋ ಸೇನಾ ಅಂಚೆ ವಿಳಾಸಕ್ಕೆ. ಒಂದು ಇನ್ನೂ ಇದೆ ಅಂದರು ಕಾಕಾ. ಮರುವಾರ ತಂದರು. ನೀಲಿ ಇನ್‌ಲ್ಯಾಂಡ್ ಪತ್ರ, ಮಡಿಕೆಯಲ್ಲಿ ಹರಿದಿದೆ. ಮಗಳು ಹುಟ್ಟಿದ್ದಾಳೆ, ತಾಯಿ ಮಗು ಆರಾಮ ಇದ್ದಾರೆ, ಈ ಸಲ ಮಿರಗ (ಮೃಗಶಿರಾ ಮಳೆ) ಸರಿಯಾಗಿ ಕೂಡಿದೆ, ತೊಗರಿ ಬಿತ್ತುತ್ತೇವೆ ಅಂತ ಅಣ್ಣ ಬರೆದದ್ದು. ಮೇಲೆ ಮೂಲೆಯಲ್ಲಿ ತಾರೀಖು: ಜೂನ್ 10.

"ಇದು ಕೈಗೆ ಬಂದದ್ದು ಯಾವಾಗ?"

"ಅದೇ ಬಣ್ಣ ಎದ್ದ ರಾತ್ರಿ ಅಂದ್ನಲ್ರಿ, ಅದರ ಮರುದಿನ. ಕೈ ಸುಲಿದಿತ್ತು, ಒಡಿಯಾಕ ಬರಲಿಲ್ಲ. ದೋಸ್ತ ಒಡದು ಓದಿ ಹೇಳಿದ. ಅಂವ ತಮಿಳ. ಕನ್ನಡ ಬರ್ತಿರಲಿಲ್ಲ. ನನ್ನ ಕಣ್ಣ ಮುಂದ ಹಿಡಕೊಂಡು ನಿಂತಿದ್ದ, ನಾನೇ ಓದಕೊಂಡೆ."

ಓದಿ ಹೇಳಿದ ಅಂದು ಆಮೇಲೆ ತಾವೇ ಓದಿಕೊಂಡೆ ಅಂದದ್ದನ್ನು ನಾನು ಹಾಗೇ ರಿಜಿಸ್ಟರ್‌ನಲ್ಲಿ ಬರೆದಿದ್ದೇನೆ. ತಿದ್ದಿಲ್ಲ. ನೆನಪು ಬರೋದೇ ಹಾಗೆ.

ಬೀದರ್ ಕಡೆಯ ಹಳ್ಳಿಯಿಂದ ಯುದ್ಧದ ಕಾಲದಲ್ಲಿ ಅಲ್ಲಿಗೆ ಪತ್ರ ಹೋಗೋಕೆ ಎಂಟು ಹತ್ತು ದಿನ ಬೇಕಿತ್ತು ಅಂತ ಅವರ ಅಂದಾಜು. ಹಾಗಾದರೆ ಪತ್ರ ಬಂದದ್ದು ಜೂನ್ 20ರ ಆಸುಪಾಸು. ಹಿಂದಿನ ರಾತ್ರಿ ಅಂದರೆ 19. ನಾಲ್ಕು ಜನರೂ ಒಟ್ಟಿಗೆ ನಕ್ಷೆ ನೋಡಿದೆವು. 13 ಜಮ್ಮು ಕಾಶ್ಮೀರ ರೈಫಲ್ಸ್‌ನವರು ಕತ್ತಲಲ್ಲಿ ಹತ್ತಿ ಪಾಯಿಂಟ್ 5140 ಹಿಡಿದದ್ದು 20ರ ಬೆಳಗಿನ ಜಾವ. ಕ್ಯಾಪ್ಟನ್ ವಿಕ್ರಮ್ ಬಾತ್ರಾ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಆ ಗುಡ್ಡದಿಂದಲೇ. ಹತ್ತುವವರ ಮುಂದೆ ಮುಂದೆ, ಶತ್ರು ತಲೆ ಎತ್ತದ ಹಾಗೆ, ಕೆಳಗಿನ ಕಣಿವೆಯಿಂದ ತೋಪುಗಳು ಹೊಡೆಯುತ್ತಲೇ ಇದ್ದವು.

ಅವರ ಗನ್ ಆ ರಾತ್ರಿ ಅದೇ ಗುಡ್ಡಕ್ಕೆ ಹೊಡೆಯಿತು ಅನ್ನೋಕೆ ನಮ್ಮಲ್ಲಿ ಪುರಾವೆ ಇಲ್ಲ. ಅಂಚೆ ಎರಡು ದಿನ ತಡವಾಗಿದ್ದರೂ ಲೆಕ್ಕವೆಲ್ಲ ಉಲ್ಟಾ. ಹುಡುಗ "ಖರೇ ಅದೇ ಕಾಕಾ, ಬರೀರಿ ಸರ್" ಅಂತ ಕುಣಿದ. ಕಾಕಾ ಬೇಡ ಅಂದರು. "ಇರಬಹುದು ಅಂತ ಬರೀರಿ," ಅಂದರು. ಹಾಗೇ ಬರೆದೆ. ಆಮೇಲೆ ಅವರು ನಕ್ಷೆಯ ಮೇಲೆ ಬೆರಳಿಟ್ಟು, ರಸ್ತೆಯಿಂದ ಆ ಗುಡ್ಡದವರೆಗೆ ನಿಧಾನಕ್ಕೆ ಎಳೆದರು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಅವರ ಗುಂಡಿಗೆ ಬೀಳುವ ಜಾಗ ಸಿಕ್ಕಿತ್ತು, ಇರಬಹುದು ಅನ್ನೋ ಮಟ್ಟಿಗಾದರೂ.

ಬುರುಜಿನ ಮೇಲೆ

ದೀಪಾವಳಿ ಆದ ಮೇಲೆ ಅವರು ಮತ್ತೆ ಕೋಟೆಗೆ ಬಂದರು. ಈ ಸಲ ನಾವು ಏನೂ ಕೇಳಲಿಲ್ಲ. ಬುರುಜು ಹತ್ತಿ, ತೋಪು ತೋರಿಸಿ, "ನೋಡ್ರಿ ಕಾಕಾ" ಅಂದೆವು ಅಷ್ಟೇ.

ಅಲ್ಲಿ ಒಬ್ಬ ಪ್ರವಾಸಿ ಹುಡುಗ ತೋಪಿನ ಮೇಲೆ ಕುದುರೆ ಏರಿದ ಹಾಗೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಕಾಕಾ ಹತ್ತಿರ ಹೋಗಿ ಮೆತ್ತಗೆ, "ಇಳಿಯಪ್ಪಾ. ತೋಪಿನ ಮ್ಯಾಲ ಕುಂದರಬಾರದು," ಅಂದರು. ಕಾಲಾಳು ರೆಜಿಮೆಂಟಿಗೆ ಧ್ವಜ ಹೇಗೋ, ತೋಪ್‌ಖಾನೆಗೆ ಗನ್ ಹಾಗೆ. ಅದೇ ಅವರ ಧ್ವಜ. ಅದಕ್ಕೇ ಸೆಲ್ಯೂಟ್, ದಸರಾದಲ್ಲಿ ಅದಕ್ಕೇ ಪೂಜೆ. ನಾವೂ ಹಿಂದೆ ಅದೇ ತೋಪಿಗೆ ಒರಗಿ ಭಜಿ ತಿಂದವರು. ಆ ವಿಷಯ ಎತ್ತಲಿಲ್ಲ.

ಆಮೇಲೆ ಅವರು ತೋಪು ನೋಡಿದ ರೀತಿ. ನಾವು ಉದ್ದ ಅಳೆಯುತ್ತಿದ್ದೆವು, ಮೇಲಿನ ಪರ್ಷಿಯನ್ ಬರಹ ಹುಡುಕುತ್ತಿದ್ದೆವು. ಅವರು ಮೊದಲು ಹಿಂದಕ್ಕೆ ಹೋದರು. ದಖ್ಖನದ ಕೋಟೆಗಳಲ್ಲಿ ದೊಡ್ಡ ತೋಪನ್ನು ಬುರುಜಿನ ನಡುವೆ ತಿರುಗುವ ಗೂಟದ ಮೇಲೆ ಕೂರಿಸಿ, ಹಿಂದೆ ಒಂದು ಗಟ್ಟಿ ಗೋಡೆ ಕಟ್ಟುತ್ತಿದ್ದರು. ಹೊಡೆದಾಗ ಹಿಂದಕ್ಕೆ ಬರುವ ಒದೆತ ಆ ಗೋಡೆಗೆ ಹೋಗಲಿ ಅಂತ. ಅಂಥ ಗೋಡೆಗಳನ್ನು ನಾವು ನೋಡಿದ್ದೆವು, ಯಾಕೆ ಅಂತ ಯೋಚಿಸಿರಲಿಲ್ಲ. ಇವರು ಆ ಜಾಗಕ್ಕೆ ಬೆನ್ನು ಕೊಟ್ಟು ನಿಂತು, "ಹೊಡೆಯೋ ಮುಂದ ಮಂದಿ ಎಲ್ಲಿ ನಿಲ್ತಿದ್ರು? ಇಲ್ಲಂತೂ ನಿಲ್ಲಾಕ ಆಗಂಗಿಲ್ಲ," ಅಂದರು.

ಬ್ಯಾರಲ್ ಮೇಲೆ ಕೈ ಆಡಿಸಿದರು. ನಮ್ಮ ಹಳೆಯ ತೋಪುಗಳಲ್ಲಿ ಎಷ್ಟೋ ಎರಕದ್ದಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾಯಿಸಿದ ಬಳೆ ತೊಡಿಸಿ, ತಣ್ಣಗಾದಾಗ ಬಿಗಿಯಾಗುವ ಹಾಗೆ ಮಾಡಿದ್ದು. ಎತ್ತಿನ ಬಂಡಿಯ ಗಾಲಿಗೆ ಕಮ್ಮಾರ ಪಟ್ಟಿ ಕೂರಿಸುತ್ತಾನಲ್ಲ, ಅದೇ ಕೆಲಸ. ಇಷ್ಟು ನಾವು ಹೇಳಿದೆವು. ಅವರಿಗೆ ಖುಷಿಯಾಯಿತು. ಆಮೇಲೆ ಅವರು ಕೇಳಿದ್ದು ನಮ್ಮ ಯಾವ ಪುಸ್ತಕದಲ್ಲೂ ಕಾಣದ ಪ್ರಶ್ನೆ: "ಇದನ್ನ ಯಾರು ತೊಳೀತಿದ್ರು?"

ಬಾಯಿಂದ ಮದ್ದು ತುಂಬುವ ತೋಪಿನಲ್ಲಿ ಒಂದು ಸಲ ಹೊಡೆದ ಮೇಲೆ ಒಳಗೆ ಕಿಡಿ ಉಳಿದಿದ್ದರೆ, ಮುಂದಿನ ಮದ್ದು ಹಾಕುವವನ ಕೈ ಹೋಗುತ್ತೆ. ಒದ್ದೆ ಬಟ್ಟೆ ಕಟ್ಟಿದ ಉದ್ದ ಕೋಲಿನಿಂದ ಒರೆಸಲೇಬೇಕು. ಅದಕ್ಕೆ ನೀರು ಬೇಕು. ಬುರುಜಿನ ಮೇಲೆ ನೀರು ಯಾರು ತರುತ್ತಿದ್ದರು? ಗುಂಡನ್ನು ಈ ಮೆಟ್ಟಿಲು ಯಾರು ಹತ್ತಿಸುತ್ತಿದ್ದರು? ಬೋಫೋರ್ಸ್‌ಗೂ ಹೊಡೆದು ಮುಗಿದ ಮೇಲೆ ಸಾಲಾಗಿ ನಿಂತು ಬ್ರಷ್ ಎಳೆಯಬೇಕು, ನಿದ್ದೆ ಆಮೇಲೆ ಅಂತ ತೋರಿಸಿಕೊಟ್ಟರು. ಗುಮಾಸ್ತರು ಅವರ ಹಿಂದೆ ನಿಂತು ಇಲ್ಲದ ಕೋಲನ್ನು ಎಳೆದರು.

ಗೋಡೆಯ ಅಂಚಿಗೆ ಹೋಗಿ ಕೆಳಗೆ ಬಗ್ಗಿ ನೋಡಿದರು. ದೊಡ್ಡ ತೋಪಿನ ಬಾಯಿ ಇಷ್ಟು ಕೆಳಗೆ ಬಗ್ಗುವುದಿಲ್ಲ. ಗೋಡೆಯ ಬುಡಕ್ಕೆ ಬಂದ ಶತ್ರು ತೋಪಿನಿಂದ ಪಾರಾದ ಹಾಗೆ. "ಅದಕ್ಕ ನೋಡ್ರಿ ಮೂರು ಕಂದಕ," ಅಂದರು. ಬೀದರ್ ಕೋಟೆಗೆ ಒಂದು ಕಡೆ ಬಂಡೆಯಲ್ಲೇ ಕೊರೆದ ಮೂರು ಸಾಲು ಕಂದಕ ಇರೋದು ಇಲ್ಲಿನ ಮಕ್ಕಳಿಗೂ ಗೊತ್ತು. ತೋಪು ಮುಟ್ಟದ ಜಾಗವನ್ನು ಕಂದಕ ಕಾಯುತ್ತೆ ಅನ್ನೋದು ನನಗೆ ಹೊಳೆದಿರಲಿಲ್ಲ. 1657ರಲ್ಲಿ ಔರಂಗಜೇಬನ ಜೊತೆ ಬಂದ ಮೀರ್ ಜುಮ್ಲಾ ಮೊದಲು ಕೈ ಹಾಕಿದ್ದು ಕಂದಕ ತುಂಬುವ ಕೆಲಸಕ್ಕೆ. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಯಾಕೆ ಅಂತ ಆವತ್ತು ಗೊತ್ತಾಯಿತು.

ಆ ಮುತ್ತಿಗೆ ಸುಮಾರು ನಾಲ್ಕು ವಾರ ನಡೆಯಿತು. ಕೋಟೆ ಬಿಜಾಪುರದ ಆದಿಲ್‌ಶಾಹಿಗಳದ್ದು, ಕಾಯುತ್ತಿದ್ದವನು ಸಿದ್ದಿ ಮರ್ಜಾನ್. ಮಾರ್ಚ್ ಕೊನೆಯಲ್ಲಿ ಮೊಘಲರ ಕಡೆಯಿಂದ ಹಾರಿದ ಕಿಡಿ ಬುರುಜಿನ ಹಿಂದೆ ಇಟ್ಟಿದ್ದ ಮದ್ದಿಗೆ ಬಿತ್ತು. ಮರ್ಜಾನ್‌ಗೆ ಮೈಯೆಲ್ಲ ಸುಟ್ಟ ಗಾಯವಾಯಿತು, ಕೋಟೆ ಬಿತ್ತು. ಇದನ್ನು ನಾನು ಯಾವಾಗಲೂ ವಿಧಿಯ ಆಟ ಅನ್ನುವ ಧಾಟಿಯಲ್ಲಿ ಹೇಳುತ್ತಿದ್ದೆ. ಕಾಕಾ ಎಡಗಿವಿ ಈ ಕಡೆ ಮಾಡಿ ಪೂರ್ತಿ ಕೇಳಿದರು.

"ಮದ್ದು ಒಂದೇ ಕಡಿ ಇಟ್ಟಿದ್ರೇನ್ರಿ? ತೋಪಿನ ಹತ್ರ?"

"ಹಾಗೇ ಕಾಣುತ್ತೆ."

"ತಪ್ಪು ಮಾಡ್ಯಾರ. ಹಂಚಿ ಇಡಬೇಕ್ರಿ. ಒಂದಕ್ಕ ಬೆಂಕಿ ಬಿದ್ರ ಇನ್ನೊಂದಕ್ಕ ಹತ್ತಬಾರದು. ನಾವು ಅಷ್ಟ್ ಥಂಡ್ಯಾಗ ನೆಲ ಅಗದು ಬ್ಯಾರೆ ಬ್ಯಾರೆ ಇಟ್ಟೀವಿ." ಸ್ವಲ್ಪ ತಡೆದು, "ಆದ್ರ ನಾಕು ವಾರ ಹೊಡದು ಮಂದಿ ದಣದಿರ್ತಾರ. ದಣದಾಗ ಮದ್ದು ಹತ್ರ ತಂದು ಇಟ್ಕೋತಾರ. ನಡಿಯೂದು ತಪ್ಪಲಿ ಅಂತ," ಅಂದರು.

ವಿಧಿ ಹೋಗಿ ದಣಿವು ಬಂತು. ಮರ್ಜಾನ್‌ನ ಸೈನಿಕರು ಹಾಗೇ ಮಾಡಿದರು ಅಂತ ಹೇಳಲಾರೆ. ಆದರೆ ಈಗ ಆ ಪಾಠ ಮಾಡುವಾಗ ನನಗೆ ಔರಂಗಜೇಬ್ ಕಾಣೋದಿಲ್ಲ, ಮದ್ದಿನ ಚೀಲ ಹೊತ್ತು ಹತ್ತು ಹೆಜ್ಜೆ ಉಳಿಸಿಕೊಳ್ಳುವ ಒಬ್ಬ ಆಳು ಕಾಣುತ್ತಾನೆ.

ಹುಡುಗನದ್ದೂ ಒಂದು ಮಾತು ಹೇಳಬೇಕು. ಬೋಫೋರ್ಸ್ ಗುಂಡು ಸುಮಾರು 43 ಕಿಲೋ. ಆ ಯುದ್ಧದಲ್ಲಿ ನಮ್ಮ ತೋಪು, ಮಾರ್ಟರ್, ರಾಕೆಟ್ ಎಲ್ಲ ಸೇರಿ ಹೊಡೆದದ್ದು ಎರಡೂವರೆ ಲಕ್ಷ. ಈ ಎರಡು ಅಂಕಿ ಅವನಿಗೆ ಬಾಯಿಪಾಠ. 43 ಅಂದರೆ ಸಿಮೆಂಟ್ ಚೀಲಕ್ಕಿಂತ ಏಳು ಕಿಲೋ ಕಡಿಮೆ ಅಂತ ಒಂದು ದಿನ ಹೊಳೆದು, ಮನೆ ಕಟ್ಟುವ ಕಡೆ ಹೋಗಿ ಚೀಲ ಎದೆಯ ಮಟ್ಟಕ್ಕೆ ಎತ್ತಿ ಇಳಿಸಿದ. ಎಂಟಕ್ಕೆ ಸೊಂಟ ಹಿಡಿಯಿತು. ಮುಂದಿನ ಭಾನುವಾರ ಬಗ್ಗಿಕೊಂಡೇ ಬಂದ. "ಕಾಕಾ, ರಾತ್ರಿ ಪೂರಾ ಹೆಂಗ್ ಎತ್ತಿದ್ರಿ?" ಅಂತ ಕೇಳಿದ. ಅವತ್ತು ಕಾಕಾ ಅರ್ಧ ಗಂಟೆ ಮಾತಾಡಿದರು. ಸೊಂಟದಿಂದಲ್ಲ ಮೊಣಕಾಲಿನಿಂದ ಎತ್ತಬೇಕು ಅನ್ನೋದರಿಂದ ಶುರುವಾಗಿ.

ಈಗ

ಎಲ್ಲ ಸರಿಹೋಯಿತು ಅಂತಲ್ಲ. ಗುಂಪಿನ ಒಬ್ಬರು ಬಿಟ್ಟುಹೋದರು. ಮೊದಲಿನ ಮಜಾ ಇಲ್ಲ, ಬರೀ ನೀರು ಯಾರು ಹೊತ್ತರು ಅನ್ನೋದೇ ಆಯ್ತು ಅಂತ ಅವರ ತಕರಾರು. ಅದರಲ್ಲಿ ಸ್ವಲ್ಪ ನಿಜ ಇದೆ. ಜುಲೈ 26ಕ್ಕೆ ಕಾಕಾ ಯಾರ ಕೈಗೂ ಸಿಗುವುದಿಲ್ಲ, ಅವತ್ತು ಬೇಕಂತಲೇ ಡ್ಯೂಟಿ ಹಾಕಿಸಿಕೊಳ್ಳುತ್ತಾರೆ. ಸೇವೆಯ ಕೊನೆಯ ವರ್ಷಗಳ ಬಗ್ಗೆ ಒಂದಕ್ಷರ ಹೇಳಿಲ್ಲ. ನಾವು ಕೊಟ್ಟ ಪುಸ್ತಕಗಳನ್ನು ಓದುವುದಿಲ್ಲ, ಚಿತ್ರ ನೋಡಿ ಜೋಪಾನವಾಗಿ ವಾಪಸ್ ಕೊಡುತ್ತಾರೆ. ಯಾರಾದರೂ ಹೊಸಬರು ಬಂದರೆ ಅವರ ಪರಿಚಯವನ್ನು ನಾವು ಮಾಡೋದಿಲ್ಲ. ಅವರೇ ಹೇಳುತ್ತಾರೆ: "ನಾ ಗನ್ ಮ್ಯಾಲ ಇದ್ದೆ." ಅದಕ್ಕಿಂತ ಒಂದು ಶಬ್ದ ಜಾಸ್ತಿ ಇಲ್ಲ.

ಸಮಯಕ್ಕೆ ಬರೋದನ್ನು ನಾವು ಕಲಿತಿಲ್ಲ. ಅವರು ಇವತ್ತಿಗೂ ಆರು ಇಪ್ಪತ್ತಕ್ಕೆ ಬಂದು ಕಾಯುತ್ತಾರೆ. ಆದರೆ ಸುಮ್ನೆ ಕಾಯೋದನ್ನು ಬಿಟ್ಟಿದ್ದಾರೆ. ಕಳೆದ ತಿಂಗಳು ನಾವು ಬುರುಜು ಹತ್ತಿದಾಗ ತೋಪಿನ ಬಾಯಿಯ ಹತ್ತಿರ ಮಂಡಿಯೂರಿ ಕೂತಿದ್ದರು. ಜನ ಒಳಗೆ ತುರುಕಿದ ಗುಟ್ಕಾ ಚೀಟಿ, ನೀರಿನ ಬಾಟಲಿ, ಕುರ್‌ಕುರೆ ಪಾಕೀಟು ಒಂದೊಂದೇ ಎಳೆದು ಪಕ್ಕಕ್ಕೆ ಇಡುತ್ತಿದ್ದರು. ಮೊದಮೊದಲು ಯಾರ್ ನೀವು ಅಂತ ಗದರಿದ್ದ ಕಾವಲುಗಾರ ಈಗ ಅವರಿಗಾಗಿ ಒಂದು ಉದ್ದ ಕೋಲು ಎತ್ತಿಟ್ಟಿರುತ್ತಾನೆ.

"ಬರೀರಿ ಮಾಸ್ತರ್," ಅಂದರು, ತಲೆ ಒಳಗಿದ್ದ ಹಾಗೇ. "ಗುಟ್ಕಾ ಚೀಟಿ ಹದಿನಾಲ್ಕು."

ನಾನು ಬರೆದುಕೊಂಡೆ. ಹುಡುಗ ಬಗ್ಗಿ ಇನ್ನೊಂದು ಸಲ ಎಣಿಸಿ, ಸರಿಯಾಗಿದೆ ಅಂದ. ಆ ಸಾಲಿಗೆ ಇರಬಹುದು ಅಂತ ಸೇರಿಸಬೇಕಾಗಲಿಲ್ಲ.